ಲಾಟೀನು ಹಿಡಿದ ದಾದಿ ಮತ್ತು ನಮ್ಮ ಹೆಣ್ಮಕ್ಕಳ ಪರೀಕ್ಷೆ

ನಿಪ್ಪಾಣಿ ಅಂದ ಕೂಡಲೇ ನಮ್ಮ ಕರಾವಳಿಯ ಉಮ್ಮಂದಿರಿಗೆ ಬೀಡಿ ತಂಬಾಕು ನೆನಪಾಗ್ತದೆ. ಆ ನಿಪ್ಪಾಣಿ, ಪಕ್ಕದ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ನಾವು ಕೆಲವು ವರ್ಷ ಮದರಸದಲ್ಲಿ ಕಲಿಸಿದ್ದುಂಟು. ಅಲ್ಲಿಯವರು ನಮ್ಮನ್ನು ಉಸ್ತಾದ್ ಅನ್ನುವುದಿಲ್ಲ, ಹಜರತ್ ಅಂತಾರೆ. ಕಬ್ಬು, ತಂಬಾಕು ಬೆಳೆಯುವ ಊರುಗಳು. ಕಾಯಿಲೆ ಜೋರಾದರೆ ಅಲ್ಲಿನ ಜನ ಗಡಿ ದಾಟಿ ಮೀರಜ್‌ಗೆ ಹೋಗ್ತಾರೆ. ಡಾಕ್ಟರ್ ವಿಲಿಯಂ ವಾನ್ಲೆಸ್ ಅವರು 1894ರಲ್ಲೇ ಅಲ್ಲಿ ಮಿಷನ್ ಆಸ್ಪತ್ರೆ ತೆರೆದಿದ್ದರು. ಆದ್ದರಿಂದ ನರ್ಸ್ ಎಂಬ ಕೆಲಸ ಆ ಸೀಮೆಗೆ ಹೊಸತಲ್ಲ.

ನಮ್ಮಲ್ಲಿ ಅಲಿಫ್, ಬಾ ಕಲಿತ ಅಲ್ಲಿಯ ಹುಡುಗಿಯೊಬ್ಬಳು ಈಗ ನರ್ಸಿಂಗ್ ಮುಗಿಸಿದ್ದಾಳೆ. ಗಲ್ಫಿಗೆ ಹೋಗುವವರು ಬರೆಯುವ ಪ್ರೊಮೆಟ್ರಿಕ್ ನಮ್ಮ ಓದುಗರಿಗೆ ಗೊತ್ತಿರುವುದೇ. ಅವಳು ಓದುತ್ತಿರುವುದು ಅಮೆರಿಕದ ಲೈಸೆನ್ಸ್ ಪರೀಕ್ಷೆಗೆ, ಎನ್‌ಕ್ಲೆಕ್ಸ್ ಅಂತ. ಪುಸ್ತಕವೆಲ್ಲ ಬಾಯಿಪಾಠ, ಆದರೂ ಅಭ್ಯಾಸ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಸೋಲು. ಮನೆಯಲ್ಲಿ ಓದಿದ್ದು ಸಾಕು, ನಿಕಾಹ್ ಮಾಡುವ ಅನ್ನುವ ಮಾತು ಶುರುವಾಗಿದೆ. ಅವಳು ಫೋನ್ ಮಾಡಿ ಅತ್ತಳು. ನಮಗೆ ನರ್ಸಿಂಗ್ ಗೊತ್ತಿಲ್ಲ. ಆದರೆ ಓದಿದ ಒಂದು ಜೀವನಕತೆ ನೆನಪಾಯ್ತು. ಅವಳಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳುತ್ತೇವೆ.

ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಇಂಗ್ಲೆಂಡಿನ ದೊಡ್ಡ ಶ್ರೀಮಂತ ಮನೆತನ. ತಂದೆ ಮನೆಯಲ್ಲೇ ಮಗಳಿಗೆ ಭಾಷೆ, ಚರಿತ್ರೆ ಕಲಿಸಿದರು. ಗಣಿತದಲ್ಲಿ ಅವಳಿಗೆ ವಿಶೇಷ ಆಸಕ್ತಿ. 16ರ ಪ್ರಾಯದಲ್ಲಿ ದೇವರು ತನ್ನನ್ನು ಸೇವೆಗೆ ಕರೆದಿದ್ದಾನೆ ಎಂದು ಅವಳಿಗೆ ದೃಢವಾಯಿತು. 1845ರಲ್ಲಿ ಆಸ್ಪತ್ರೆಯ ಕೆಲಸ ಕಲಿಯುತ್ತೇನೆ ಎಂದಾಗ ಮನೆಯವರು ಒಪ್ಪಲಿಲ್ಲ. ಆ ಕಾಲದಲ್ಲಿ ದಾದಿ ಅಂದರೆ ಮರ್ಯಾದಸ್ಥರ ಮನೆಯ ಕೆಲಸವಲ್ಲ ಎಂಬ ಭಾವನೆ. ಮದುವೆಯ ಸಂಬಂಧ ಬಂತು, ಅವಳು ಬೇಡವೆಂದಳು. ಮನೆಯವರ ಜತೆ ವರ್ಷಗಟ್ಟಲೆ ಹೆಣಗಾಡಿದ ಮೇಲೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಸುಮಾರು ಮೂರು ತಿಂಗಳು ತರಬೇತಿ ಪಡೆದಳು. ಆಗ ಅವಳಿಗೆ 31 ವರ್ಷ. ನಮ್ಮ ಹುಡುಗಿಗೆ ಇನ್ನೂ 24. ತಡವಾಯ್ತು ಅನ್ನುವ ಮನೆಯವರು ಇದನ್ನು ಗಮನಿಸಬೇಕು.

1854ರಲ್ಲಿ ಕ್ರಿಮಿಯಾ ಯುದ್ಧ. ತುರ್ಕಿಯ ಉಸ್ಮಾನಿ ಸುಲ್ತಾನರ ಜತೆ ಸೇರಿ ಬ್ರಿಟನ್, ಫ್ರಾನ್ಸ್ ರಷ್ಯಾದ ಮೇಲೆ ಹೋರಾಡುತ್ತಿದ್ದವು. ಗಾಯಾಳುಗಳನ್ನು ಹಾಕಿದ್ದು ಇಸ್ತಾಂಬುಲ್‌ನ ಉಸ್ಕುದಾರ್‌ನಲ್ಲಿದ್ದ ಸಲೀಮಿಯ ಬ್ಯಾರಕ್‌ನಲ್ಲಿ. ಫ್ಲಾರೆನ್ಸ್ 38 ದಾದಿಯರ ಜತೆ ಆ ನವೆಂಬರ್‌ನಲ್ಲಿ ಅಲ್ಲಿಗೆ ಮುಟ್ಟಿದರು. ನೆಲದ ಮೇಲೆ ಸೈನಿಕರು, ಹೇನು, ಹೊಲಸು, ಬಟ್ಟೆಯಿಲ್ಲ, ಪಾತ್ರೆಯಿಲ್ಲ. ಅಡುಗೆ ಮನೆ, ಬಟ್ಟೆ ಒಗೆಯುವ ಜಾಗ ಎಲ್ಲ ವ್ಯವಸ್ಥೆ ಮಾಡಿದರು. ರಾತ್ರಿ ಲಾಟೀನು ಹಿಡಿದು ಒಬ್ಬೊಬ್ಬ ರೋಗಿಯನ್ನೂ ನೋಡಿ ಬರುತ್ತಿದ್ದರು. ಚಿತ್ರಗಳಲ್ಲಿ ಬೇರೆ ಥರದ ದೀಪ ಬರೆಯುತ್ತಾರೆ. ನಿಜವಾಗಿ ಅದು ತುರ್ಕಿಯವರ ಮಡಚುವ ಫಾನೂಸ್.

ಗಾಯಾಳುಗಳ ಡೇರೆ ಅಂದರೆ ನಮ್ಮವರಿಗೆ ಮದೀನಾದ ರುಫೈದಾ ನೆನಪಾಗುತ್ತಾರೆ. ರೋಗಿಯ ಆರೈಕೆ ನಮಗೆ ಹೊರಗಿನಿಂದ ಬಂದ ವಿದ್ಯೆಯಲ್ಲ ಎಂಬುದು ಈ ಮಾತಿನ ನಡುವೆ ನೆನಪಿರಲಿ.

ಎಲ್ಲರೂ ಲಾಟೀನಿನ ಕತೆಗೆ ನಿಲ್ಲಿಸುತ್ತಾರೆ. ಮುಖ್ಯ ಕತೆ ಆಮೇಲಿನದು. ಅಷ್ಟು ದುಡಿದರೂ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ಅಲ್ಲಿ ಸಾವಿನ ಪ್ರಮಾಣ ನೂರಕ್ಕೆ 42ರಷ್ಟು. ಸೈನಿಕರು ಹಸಿದು ಸೊರಗಿ ಬರುತ್ತಾರೆ, ಅದರಿಂದಲೇ ಸಾಯುತ್ತಾರೆ ಎಂದು ಫ್ಲಾರೆನ್ಸ್ ತಿಳಿದಿದ್ದರು. ಮಾರ್ಚ್‌ನಲ್ಲಿ ಲಂಡನ್‌ನಿಂದ ಡಾಕ್ಟರ್ ಜಾನ್ ಸದರ್ಲೆಂಡ್ ಅವರ ನೈರ್ಮಲ್ಯ ಆಯೋಗ ಬಂತು. ಕಟ್ಟಡದ ಅಡಿಯಲ್ಲಿ ತುಂಬಿದ್ದ ಕೊಳಚೆ ಚರಂಡಿ ತೊಳೆಸಿದರು, ನೀರಿನ ದಾರಿ ಸ್ವಚ್ಛ ಮಾಡಿಸಿದರು, ಗಾಳಿ ಆಡುವ ಹಾಗೆ ಮಾಡಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು.

1856ರಲ್ಲಿ ಊರಿಗೆ ಮರಳಿದಾಗ ದೇಶವೆಲ್ಲ ಅವರನ್ನು ಹೊಗಳುತ್ತಿತ್ತು. ಅವರು ಸುಮ್ಮನೆ ಹೊಗಳಿಸಿಕೊಂಡು ಕೂತಿರಬಹುದಿತ್ತು. ಆದರೆ ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞರ ಜತೆ ಕೂತು ಸತ್ತವರ ಲೆಕ್ಕ ತೆಗೆದರು. ಗಾಯಕ್ಕಿಂತ ಹೆಚ್ಚು ಜನ ಆಸ್ಪತ್ರೆಯ ಹೊಲಸಿನಿಂದ, ತಡೆಯಬಹುದಾಗಿದ್ದ ರೋಗಗಳಿಂದ ಸತ್ತಿದ್ದರು. ತಾನು ರಾತ್ರಿಯಿಡೀ ನಡೆದಾಡಿದ ಕಟ್ಟಡವೇ ಜನರನ್ನು ಕೊಂದಿತ್ತು, ತನ್ನ ಮೊದಲ ಅಂದಾಜು ತಪ್ಪಾಗಿತ್ತು. ಇದನ್ನು ಅವರು ಮುಚ್ಚಿಡಲಿಲ್ಲ. 1858ರಲ್ಲಿ ಬಣ್ಣದ ವೃತ್ತಚಿತ್ರಗಳನ್ನು ಬರೆದು ಸರಕಾರಕ್ಕೆ ತೋರಿಸಿದರು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಸೇರಿದ ಮೊದಲ ಮಹಿಳೆಯಾದರು.

ಯುದ್ಧದಲ್ಲಿ ಹಿಡಿದ ಜ್ವರ ಅವರನ್ನು ಬಿಡಲಿಲ್ಲ. ಬಹಳ ವರ್ಷ ಹಾಸಿಗೆಯಲ್ಲೇ ಕೂತು ಕೆಲಸ ಮಾಡಿದರು. ಭಾರತಕ್ಕೆ ಒಮ್ಮೆಯೂ ಬರಲಿಲ್ಲ, ಆದರೆ ಇಲ್ಲಿಯ ದಂಡಿನ ಊರುಗಳಿಂದ ವರದಿ ತರಿಸಿ ನೀರು, ಚರಂಡಿಯ ಲೆಕ್ಕ ನೋಡಿದರು. 1863ರ ವರದಿಯಲ್ಲಿ ಇಲ್ಲಿನ ಬ್ರಿಟಿಷ್ ಸೈನಿಕರ ವಾರ್ಷಿಕ ಸಾವು ಸಾವಿರಕ್ಕೆ 69 ಎಂದು ಬಂತು. ಸೈನಿಕರ ಲೆಕ್ಕದಿಂದ ಶುರುವಾದ ಅವರ ಯೋಚನೆ ಆಮೇಲೆ ನಮ್ಮ ಹಳ್ಳಿಗಳ ನೀರಿನ ತನಕ ಬಂತು.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ದಾದಿಯರ ಶಾಲೆ ತೆರೆಯಿತು. ಅಲ್ಲಿ ಮೊದಲ ಪಾಠ ನೋಡುವುದು. ರೋಗಿಯ ಮುಖ, ಉಸಿರು, ಉಂಡದ್ದು ಎಷ್ಟು, ಮಲಗಿದ್ದು ಎಷ್ಟು, ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ.

ಈಗ ವಿಚಿತ್ರ ನೋಡಿ. 1887ರಲ್ಲಿ ದಾದಿಯರಿಗೆ ಪರೀಕ್ಷೆ, ನೋಂದಣಿ ಬೇಕು ಎಂದು ಈಥೆಲ್ ಫೆನ್‌ವಿಕ್ ಮತ್ತಿತರರು ಸಂಘ ಕಟ್ಟಿದಾಗ ಅದನ್ನು ಬಲವಾಗಿ ವಿರೋಧಿಸಿದವರು ಇದೇ ನೈಟಿಂಗೇಲ್. ಕಾಗದದ ಮೇಲೆ ಉತ್ತರ ಬರೆದವಳು ಮಂಚದ ಪಕ್ಕದಲ್ಲಿ ಸರಿಯಾಗಿ ನಡೆದುಕೊಳ್ಳುತ್ತಾಳೆ ಎಂದು ನಂಬುವುದು ಹೇಗೆ ಎಂಬುದು ಅವರ ಸಂಶಯ. ಅವರು 1910ರ ಆಗಸ್ಟ್ 13ರಂದು, 90ರ ಪ್ರಾಯದಲ್ಲಿ ತೀರಿಹೋದರು. ಬ್ರಿಟನ್ನಿನ ನೋಂದಣಿ ಕಾನೂನು 1919ರಲ್ಲಿ ಬಂತು, ನಮ್ಮ ದೇಶದ ನರ್ಸಿಂಗ್ ಕೌನ್ಸಿಲ್ ಕಾನೂನು 1947ರಲ್ಲಿ. ನಮ್ಮ ಮಟ್ಟಿಗೆ ಫೆನ್‌ವಿಕ್ ಹೇಳಿದ್ದೂ ಸರಿ. ನೋಂದಣಿ ಇಲ್ಲದಿದ್ದರೆ ಅರ್ಧ ಕಲಿತವರ ಕೈಗೆ ಬಡವರ ಜೀವ ಸಿಗುತ್ತದೆ. ಆದರೆ ನೈಟಿಂಗೇಲ್ ಕೇಳಿದ ಪ್ರಶ್ನೆಯೂ ಸುಳ್ಳಲ್ಲ.

ಆ ಪ್ರಶ್ನೆಗೆ ಉತ್ತರ ಕೊಡಲು ಪರೀಕ್ಷೆಯೇ ಈಗ ಬದಲಾಗಿದೆ. 2023ರ ಏಪ್ರಿಲ್ 1ರಿಂದ ಎನ್‌ಕ್ಲೆಕ್ಸ್‌ನಲ್ಲಿ ಒಬ್ಬ ರೋಗಿಯ ಕತೆ ಕೊಟ್ಟು ಆರು ಪ್ರಶ್ನೆ ಕೇಳುತ್ತಾರೆ, ಅಂಥ ಮೂರು ಕತೆ. ಗಮನಿಸಬೇಕಾದದ್ದು ಯಾವುದು, ಅದರ ಅರ್ಥ ಏನು, ಯಾವ ಅಪಾಯ ಮೊದಲು, ಏನೆಲ್ಲ ಮಾಡಬಹುದು, ಈಗ ಏನು ಮಾಡ್ತೀ, ಮಾಡಿದ್ದು ಫಲ ಕೊಟ್ಟಿತಾ. ಹುಡುಗಿ ನಮಗೊಂದು ಉದಾಹರಣೆ ಹೇಳಿದಳು. ಆಪರೇಷನ್ ಆದ ರೋಗಿ ಚಡಪಡಿಸ್ತಾನೆ, ನಾಡಿ 88ರಿಂದ 124ಕ್ಕೆ ಏರಿದೆ, ಬಿಪಿ ಇಳಿದಿದೆ, ಮೈ ತಣ್ಣಗಿದೆ, ಮೂತ್ರ ಕಡಿಮೆ. ಅವಳು ನೋವು ಅಂದುಕೊಂಡು ನೋವಿನ ಔಷಧ ಗುರುತು ಹಾಕಿದ್ದಳು. ಒಳಗೆ ರಕ್ತ ಹೋಗ್ತಾ ಇರಬಹುದು ಎಂದು ಹೊಳೆಯಲಿಲ್ಲ. ಗಾಯದ ಪಟ್ಟಿ ನೋಡಬೇಕಿತ್ತು, ಕೂಡಲೇ ಡಾಕ್ಟರನ್ನು ಕರೆಯಬೇಕಿತ್ತು, ಆಮೇಲೆ ಬಿಪಿ, ನಾಡಿ ಮತ್ತೆ ಮತ್ತೆ ಅಳೆಯಬೇಕಿತ್ತು. ಬಿಪಿಯ ಪಾಠ ಅವಳಿಗೆ ಬಾಯಿಪಾಠ ಇತ್ತು. ಸೂಚನೆಗಳನ್ನು ಕೂಡಿಸಿ ನೋಡುವ ಅಭ್ಯಾಸ ಇರಲಿಲ್ಲ.

ನಾವು ಅವಳಿಗೆ ಹೇಳಿದ್ದು ಇಷ್ಟೇ. ಮಸ್‌ಅಲ ಬಾಯಿಪಾಠ ಮಾಡಿದ ಮಗು, ನಡೆದ ಸಂಗತಿ ಮುಂದಿಟ್ಟು ಕೇಳಿದರೆ ತಡವರಿಸುವುದನ್ನು ನಾವು ದಿನಾ ನೋಡ್ತೇವೆ. ಆ ಮಗು ದಡ್ಡ ಅಲ್ಲ, ಅಭ್ಯಾಸ ಬೇರೆ ಬೇಕು. ದಿನಕ್ಕೆ ಒಂದು ರೋಗಿಯ ಕತೆ ತೆಗೆದುಕೋ. ಉತ್ತರ ತಪ್ಪಾದರೆ ಆರು ಹೆಜ್ಜೆಯಲ್ಲಿ ಎಲ್ಲಿ ತಪ್ಪಿದೆ ಎಂದು ಬರೆದಿಡು. ನೈಟಿಂಗೇಲ್ ದೊಡ್ಡವರಾದದ್ದು ತಪ್ಪದೆ ಇದ್ದುದರಿಂದ ಅಲ್ಲ, ಸತ್ತವರ ಲೆಕ್ಕವನ್ನು ಮತ್ತೆ ತೆರೆದು ನೋಡಿದ್ದರಿಂದ.

ಅವಳ ಬಾಪನ ಜತೆಯೂ ನಾವು ಮಾತಾಡಿದೆವು. ಆರು ತಿಂಗಳು ಕೊಡ್ತೇನೆ ಅಂದಿದ್ದಾರೆ. ಪರೀಕ್ಷೆ ಇನ್ನೂ ಆಗಿಲ್ಲ. ಈಗ ಅವಳ ನೋಟ್‌ಬುಕ್ಕಿನಲ್ಲಿ ತಪ್ಪುಗಳ ಪಟ್ಟಿ ದಿನಾ ಬೆಳೀತಾ ಉಂಟು. ನಮಗೆ ಅದೇ ಒಳ್ಳೆಯ ಲಕ್ಷಣ ಅಂತ ಕಾಣ್ತದೆ. ನಿಮ್ಮ ಮನೆಯಲ್ಲೂ ಹೀಗೆ ಓದುವ ಮಗಳಿದ್ದರೆ, ಅಂಕ ಎಷ್ಟು ಅಂತ ಕೇಳುವ ಮೊದಲು ಇವತ್ತು ಯಾವ ರೋಗಿಯನ್ನು ಓದಿದೆ ಅಂತ ಕೇಳಿ. ಆ ಹುಡುಗಿಗಾಗಿಯೂ ದುಆ ಮಾಡಿ.