ಗಣಿತಸಾರಸಂಗ್ರಹದ ಮಹಾವೀರಾಚಾರ್ಯರು

ಆರ್ಯಭಟ, ಬ್ರಹ್ಮಗುಪ್ತ, ಭಾಸ್ಕರರ ಸಾಲಿನಲ್ಲಿ ನಿಲ್ಲುವ ಜೈನ ಗಣಿತಜ್ಞರು ಮಹಾವೀರಾಚಾರ್ಯರು. ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವರು. ಸುಮಾರು ಕ್ರಿ.ಶ. 850ರಲ್ಲಿ ಅವರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವು ಭಗವಾನ್ ಮಹಾವೀರರಿಗೆ ವಂದಿಸಿ, ನೃಪತುಂಗನನ್ನು ಸ್ತುತಿಸಿ ಆರಂಭವಾಗುತ್ತದೆ.

ಆರ್ಯಭಟ, ಬ್ರಹ್ಮಗುಪ್ತರಲ್ಲಿ ಗಣಿತವು ಖಗೋಳ ಗ್ರಂಥದ ಒಂದು ಭಾಗವಾಗಿತ್ತು. ಆಚಾರ್ಯರು ಗಣಿತಕ್ಕೇ ಇಡೀ ಗ್ರಂಥವನ್ನು ಮೀಸಲಿಟ್ಟರು. ವ್ಯಾಪಾರ, ಅಡುಗೆ, ವೈದ್ಯ, ಸಂಗೀತ, ವಾಸ್ತು ಯಾವುದೂ ಲೆಕ್ಕವಿಲ್ಲದೆ ನಡೆಯದು ಎಂಬುದು ಅವರ ನಿಲುವು. ಕೊಡುವವನಿಗೂ ಕೊಳ್ಳುವವನಿಗೂ ಅಳತೆಯ ಮಾತು ಒಂದೇ ಆಗಿರದಿದ್ದರೆ ಲೆಕ್ಕ ಸರಿಯಿದ್ದರೂ ಜಗಳ ತಪ್ಪದು. ಅವರ ಒಂಬತ್ತು ಅಧಿಕಾರಗಳಲ್ಲಿ ಮೊದಲನೆಯದು ಸಂಜ್ಞಾಧಿಕಾರ. ಲೆಕ್ಕಕ್ಕಿಂತ ಮೊದಲು ಪದಗಳ ಅರ್ಥ.

ಅಳತೆ ಅಣುವಿನಿಂದ ಆರಂಭವಾಗಿ ಎಂಟೆಂಟರಷ್ಟು ಬೆಳೆಯುತ್ತದೆ. ಎಂಟು ಯವೆ ಕಾಳಿನಷ್ಟು ಒಂದು ಅಂಗುಲ, ಆರು ಅಂಗುಲಕ್ಕೆ ಪಾದ, ಎರಡು ಪಾದಕ್ಕೆ ಗೇಣು, ಎರಡು ಗೇಣಿಗೆ ಮೊಳ, ನಾಲ್ಕು ಮೊಳಕ್ಕೆ ದಂಡ, 2000 ದಂಡಕ್ಕೆ ಕ್ರೋಶ, ನಾಲ್ಕು ಕ್ರೋಶಕ್ಕೆ ಯೋಜನ. ಯಾರ ಬೆರಳಿನ ಅಂಗುಲ ಎಂಬ ಪ್ರಶ್ನೆಗೂ ಉತ್ತರವಿದೆ: ವ್ಯವಹಾರದ ಅಂಗುಲ, ಅದರ 500 ಪಟ್ಟು ದೊಡ್ಡದಾದ ಪ್ರಮಾಣಾಂಗುಲ, ಆಯಾ ಕಾಲದ ಜನರ ಆತ್ಮಾಂಗುಲ ಎಂದು ಮೂರು ಬಗೆ. ಕಾಲಕ್ಕೆ 7 ಉಚ್ಛ್ವಾಸ ಒಂದು ಸ್ತೋಕ, 7 ಸ್ತೋಕ ಒಂದು ಲವ, ಮೂವತ್ತೆಂಟೂವರೆ ಲವ ಒಂದು ಘಳಿಗೆ, ಎರಡು ಘಳಿಗೆ ಒಂದು ಮುಹೂರ್ತ. ಲೆಕ್ಕ ಹಾಕಿದರೆ ಮುಹೂರ್ತಕ್ಕೆ 3773 ಉಚ್ಛ್ವಾಸ. ಶ್ರಾವಕರು ಇಂದಿಗೂ ಸಾಮಾಯಿಕಕ್ಕೆ ಕೂರುವ 48 ನಿಮಿಷ ಇದೇ ಮುಹೂರ್ತ.

ಕ್ಷೇತ್ರಗಣಿತದಲ್ಲಿ ಅವರು ಆಕೃತಿಗಳನ್ನು 16 ಬಗೆಯಾಗಿ ವಿಂಗಡಿಸಿದರು: ತ್ರಿಭುಜ ಮೂರು, ಚತುರ್ಭುಜ ಐದು, ವೃತ್ತಾಕಾರದವು ಎಂಟು. ಶಂಖದ ಆಕಾರವೂ, ಉದ್ದನೆಯ ವೃತ್ತವಾದ ಆಯತವೃತ್ತವೂ ಇದರಲ್ಲಿವೆ. ಆಯತವೃತ್ತದ ಅವರ ಸೂತ್ರ ಇಂದಿನ ಲೆಕ್ಕಕ್ಕೆ ಪೂರ್ತಿ ಹೊಂದದು. ಆದರೂ ಆ ಆಕೃತಿಯನ್ನು ಅಳೆಯಲು ಹೊರಟದ್ದೇ ದೊಡ್ಡದು. ವೃತ್ತದ ಸುತ್ತಳತೆಗೆ ಎರಡು ದಾರಿ ಕೊಟ್ಟರು: ದಿನಬಳಕೆಗೆ ವ್ಯಾಸದ ಮೂರರಷ್ಟು, ಸೂಕ್ಷ್ಮಕ್ಕೆ 10ರ ವರ್ಗಮೂಲದಷ್ಟು. ವ್ಯಾಸ 10 ಆದರೆ ಮೊದಲನೆಯದು 30, ಎರಡನೆಯದು ಸುಮಾರು 31.6, ಇಂದಿನ ಉತ್ತರ 31.4.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂದಿತು. ಕನ್ನಡ ನಾಡಿನ ದೊರೆಯ ಆಳ್ವಿಕೆಯಲ್ಲಿ ಹುಟ್ಟಿದ ಈ ಗ್ರಂಥವನ್ನು ನಮ್ಮ ಮಕ್ಕಳು ಈಗ ಕನ್ನಡದಲ್ಲೇ ಓದಬಹುದು.