ನಾಲೆಯ ಟೇಲ್ ಎಂಡ್‌ನಲ್ಲಿ ನಿಂತು ನೋಡಿದ ಸರ್ ಎಂವಿ

ಸೆಪ್ಟೆಂಬರ್ 15 ಬಂತು ಅಂದ್ರೆ ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪೇಟ ತೊಟ್ಟ ಫೋಟೊಗೊಂದು ಹಾರ, ಆಮೇಲೆ ಅದೇ ಭಾಷಣ: ಬಡ ಹುಡುಗ, ಬೀದಿ ದೀಪ, ಕನ್ನಂಬಾಡಿ, ಭಾರತರತ್ನ. ಹಾಸ್ಟೆಲ್‌ನಲ್ಲಿ ಮೀಸಲಾತಿ ಬಗ್ಗೆ ಜಗಳ ಹತ್ತಿದಾಗ ಮೆರಿಟ್ ಪರವಾಗಿ ನಾನು ತರುತ್ತಿದ್ದ ಹೆಸರೂ ಸರ್ ಎಂ. ವಿಶ್ವೇಶ್ವರಯ್ಯನವರದ್ದೇ. ಅವರ ಕಥೆಯನ್ನು ನಾವು ಯಾವಾಗಲೂ ಅಣೆಕಟ್ಟೆಯ ಮೇಲೆ ನಿಂತೇ ಹೇಳ್ತೀವಿ. ಈ ಸಲ ನಾಲೆಯ ಕೊನೆಗೆ ಹೋಗೋಣ. ನೀರು ಬರುತ್ತೋ ಇಲ್ಲವೋ ಅಂತ ಕಾಯುವ ಟೇಲ್ ಎಂಡ್ ರೈತನ ಬದುವಿನ ಮೇಲೆ ನಿಂತು ನೋಡೋಣ.

ಮುದ್ದೇನಹಳ್ಳಿಯ ಆ ಹುಡುಗ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದ. 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ನೆರವಿನಿಂದ ಪುಣೆಗೆ ಎಂಜಿನಿಯರಿಂಗ್ ಓದಲು ಹೋದ. ಜಾಣತನ, ದುಡಿಮೆ ಎರಡೂ ಅವನದೇ. ಪುಣೆಯ ದಾರಿ ತೆರೆದದ್ದು ಮಾತ್ರ ಸರ್ಕಾರದ ಹಣ, ಅಂದರೆ ರೈತರೂ ಕಟ್ಟಿದ ಕಂದಾಯ.

ಮುಂದೆ ಬಾಂಬೆ ಸರ್ಕಾರದ ಎಂಜಿನಿಯರ್ ಆಗಿ ದಖನ್ನಿನ ನಾಲೆಗಳನ್ನು ನೋಡಿಕೊಳ್ಳುವಾಗ ಅವರಿಗೆ ಒಂದು ಸತ್ಯ ಕಂಡಿತು. ನೀರನ್ನು ಅದರ ಪಾಡಿಗೆ ಬಿಟ್ಟರೆ, ಅದು ಸಿಕ್ಕವರಿಗೇ ಮತ್ತೆ ಮತ್ತೆ ಸಿಗುತ್ತೆ. ಕೆಲವರು ಕಬ್ಬು ಹಾಕಿ ಹೀರಿಕೊಂಡರೆ ಉಳಿದ ಹಳ್ಳಿಗಳು ಒಣಗಬೇಕು. 1899ರಲ್ಲಿ ಅವರು ರೂಪಿಸಿದ ಬ್ಲಾಕ್ ಪದ್ಧತಿ ಇದಕ್ಕೆ ಉತ್ತರ. ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಕಬ್ಬು, ಭತ್ತ, ಒಣ ಬೆಳೆಗಳನ್ನು ಸರದಿಯಲ್ಲಿ ಬೆಳೆಸಿ, ಹೆಚ್ಚು ಹಳ್ಳಿಗಳಿಗೆ ನೀರಿನ ಪಾಲು ಮುಟ್ಟಿಸುವುದು. ವಿರೋಧ ಬಂತು, ಅವರು ಜಗ್ಗಲಿಲ್ಲ. ಖಡಕ್‌ವಾಸ್ಲಾದ ಸ್ವಯಂಚಾಲಿತ ಗೇಟುಗಳನ್ನು ಎಲ್ಲರೂ ನೆನೀತಾರೆ. ಟೇಲ್ ಎಂಡ್ ರೈತನಿಗೆ ಬೇಕಾದದ್ದು ಈ ಬ್ಲಾಕ್ ಪದ್ಧತಿ.

1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದರು, 1912ರಲ್ಲಿ ದಿವಾನರಾದರು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನ, ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾಲಯ, ಮರುವರ್ಷ ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು. ಆರು ವರ್ಷದಲ್ಲಿ ಇಷ್ಟು ಕಟ್ಟಿದವರು ಅಪರೂಪ.

ಆದರೆ ಸರ್ಕಾರಿ ಹುದ್ದೆಯೂ ಒಂದು ನಾಲೆಯೇ ಅಲ್ವಾ? ಆಗ ಆ ನೀರು ಬಹುಪಾಲು ಒಂದೇ ಸಮುದಾಯದ, ಬ್ರಾಹ್ಮಣರ ಕಡೆ ಹರಿಯುತ್ತಿತ್ತು. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಪಾಲು ಕೇಳಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಶಿಕ್ಷಣ ಹರಡಲಿ, ನೇಮಕಾತಿಯಲ್ಲಿ ಮಾತ್ರ ಅರ್ಹತೆಯೇ ಅಳತೆಯಾಗಲಿ ಅನ್ನೋದು ಅವರ ನಿಲುವು. ಅದೇ ವರ್ಷ ಅವರು ಹುದ್ದೆ ಬಿಟ್ಟರು. 1919ರ ವರದಿ, ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕು ಎಂದಿತು.

ಟೇಲ್ ಎಂಡ್‌ನಲ್ಲಿ ನಿಂತವನಿಗೆ ಈ ವರದಿಯೂ ಬ್ಲಾಕ್ ಪದ್ಧತಿಯ ಹಾಗೇ ಕಾಣುತ್ತೆ. ನೀರಿಗೆ ನಿಯಮ ಇಲ್ಲದಿದ್ದರೆ ಕೊನೆಯ ಗದ್ದೆ ಒಣಗುತ್ತೆ ಅಂತ ಲೆಕ್ಕ ಹಾಕಿ ತೋರಿಸಿದ ಮನುಷ್ಯ, ಅವಕಾಶಕ್ಕೆ ಅದೇ ಲೆಕ್ಕ ಯಾಕೆ ಹಾಕಲಿಲ್ಲ? ಅವರಿಗೆ ಜನದ್ರೋಹಿ ಪಟ್ಟ ಕಟ್ಟುವ ಪ್ರಶ್ನೆ ಇದಲ್ಲ. ಅಷ್ಟು ಪ್ರಾಮಾಣಿಕ, ಅಷ್ಟು ದೊಡ್ಡ ತಲೆಗೂ ತಾನು ನಿಂತ ಜಾಗದಿಂದ ಕಾಣದ್ದು ಇತ್ತು, ಅಷ್ಟೆ.

1955ರಲ್ಲಿ ಭಾರತರತ್ನ ಪಡೆದ ಅವರು 1962ರಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು. ಅವರ ಹೆಸರು ಹೊತ್ತ ನಾಲೆ ಮಂಡ್ಯದಲ್ಲಿ ಹರೀತಿದೆ. ಮೆರಿಟ್ ಪರ ವಾದಿಸೋಕೆ ನಾನೀಗ ಅವರ ಹೆಸರು ತರಲ್ಲ. ಮುಂದಿನ ಸೆಪ್ಟೆಂಬರ್‌ನಲ್ಲಿ ನಿಮ್ಮ ಕಾಲೇಜಿನಲ್ಲಿ ಯಾರಾದರೂ ತಂದರೆ, 1899ರ ಆ ಬ್ಲಾಕ್ ಪದ್ಧತಿಯನ್ನು ನೆನಪಿಸಿ.