ವಿದ್ಯೆಗೆ ಮನೆ ಕಟ್ಟಿದ ಖ್ವಾಜಾ ಮಹಮೂದ್ ಗವಾನ್



ಹಲವು ದೇಶಗಳ ವಿದ್ಯೆಯನ್ನು ಒಂದೇ ಸೂರಿನಡಿ ಕಲಿಸುವ ಅಂತಾರಾಷ್ಟ್ರೀಯ ಶಾಲೆಗಳ ಹೆಸರು ಕೇಳಿದೊಡನೆ ನಿಮ್ಮ ಮನಸ್ಸು ಯುರೋಪಿನತ್ತ ಓಡುತ್ತದೆ. ಆದರೆ ಚಿಂಚೋಳಿಯವರಿಗೆ ನೆರೆಯ ಜಿಲ್ಲೆಯೇ ಆದ ಬೀದರಿನಲ್ಲಿ ಅಂಥದೊಂದು ವಿದ್ಯಾಲಯ 1472ರಲ್ಲೇ ತಲೆಯೆತ್ತಿತ್ತು. ಅದನ್ನು ಕಟ್ಟಿಸಿದವರು ಖ್ವಾಜಾ ಮಹಮೂದ್ ಗವಾನ್.

ಇರಾನಿನ ಗೀಲಾನ್ ಪ್ರಾಂತ್ಯದಲ್ಲಿ 1411ರ ಸುಮಾರಿಗೆ ಹುಟ್ಟಿದ ಅವರು ವ್ಯಾಪಾರಿಯಾಗಿ ದಾಭೋಳ ಬಂದರಿಗೆ ಬಂದಿಳಿದರು. ಆಗ ಅವರ ವಯಸ್ಸು ನಲವತ್ತು ದಾಟಿತ್ತು. ಬೀದರಿನ ಸೂಫಿಗಳನ್ನು ಕಂಡು ದಿಲ್ಲಿಗೆ ಹೋಗಬೇಕೆಂದಿದ್ದವರನ್ನು ಬಹಮನಿ ಸುಲ್ತಾನರು ಇಲ್ಲಿಯೇ ಉಳಿಸಿಕೊಂಡರು. ಕ್ರಮೇಣ ಅವರು ಪ್ರಧಾನ ಮಂತ್ರಿಯಾದರು. 1472ರಲ್ಲಿ ಗೋವಾ ಬಂದರನ್ನು ರಾಜ್ಯಕ್ಕೆ ಸೇರಿಸಿದರು. ನಾಲ್ಕು ಪ್ರಾಂತ್ಯಗಳನ್ನು ಎಂಟಾಗಿ ಒಡೆದು ಅಮೀರರ ಅಧಿಕಾರಕ್ಕೆ ಮಿತಿ ಹಾಕಿದರು. ಇದೇ ಮುಂದೆ ಅವರಿಗೆ ವೈರಿಗಳನ್ನು ತಂದಿತು.

ಅವರ ಮದರಸಾ ಮೂರು ಅಂತಸ್ತಿನದು. ಸಮರಕಂದ, ಖುರಾಸಾನಗಳ ಮಾದರಿಯಲ್ಲಿ ನೀಲಿ ಹಂಚುಗಳಿಂದ ಅದನ್ನು ಅಲಂಕರಿಸಲಾಗಿತ್ತು. ಅಲ್ಲಿ ವಿದ್ಯಾರ್ಥಿಗಳಿಗೆ ಮೂವತ್ತಾರು ಕೋಣೆಗಳು, ಮಸೀದಿ, ಉಪನ್ಯಾಸದ ಸಭಾಂಗಣ ಹಾಗೂ ಸುಮಾರು 3000 ಹಸ್ತಪ್ರತಿಗಳ ಗ್ರಂಥಾಲಯ ಇದ್ದವು. ದೂರದೇಶದ ವಿದ್ವಾಂಸರನ್ನು ಪತ್ರ ಬರೆದು ಆಹ್ವಾನಿಸಲಾಯಿತು. ಧರ್ಮಶಾಸ್ತ್ರದ ಜೊತೆಗೆ ಅರಬಿ, ಫಾರಸಿ, ಗಣಿತ, ಖಗೋಳ, ತತ್ವಶಾಸ್ತ್ರಗಳ ಅಧ್ಯಯನ ನಡೆಯುತ್ತಿತ್ತು. ದೀನಿನ ವಿದ್ಯೆ ಬೇರೆ, ದುನಿಯಾದ ವಿದ್ಯೆ ಬೇರೆ ಎಂಬ ಗೋಡೆ ಅಲ್ಲಿರಲಿಲ್ಲ.

ಇಷ್ಟು ದೊಡ್ಡ ಹುದ್ದೆಯಲ್ಲಿದ್ದರೂ ಖ್ವಾಜಾ ಅವರು ಮಣ್ಣಿನ ಪಾತ್ರೆಯಲ್ಲಿ ಉಣ್ಣುತ್ತಿದ್ದರು, ಚಾಪೆಯ ಮೇಲೆ ಮಲಗುತ್ತಿದ್ದರು ಎಂದು ಇತಿಹಾಸಕಾರರು ಬರೆದಿದ್ದಾರೆ. ಸ್ವಂತ ಖರ್ಚಿಗೆ ವ್ಯಾಪಾರದ ಲಾಭವೇ ಸಾಕಾಗಿತ್ತು.

ಆದರೆ ವೈರಿಗಳು ಅವರ ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿದರು. ಒಡಿಶಾದ ರಾಜನಿಗೆ ಬರೆದ ದ್ರೋಹದ ಪತ್ರವೆಂದು ಅದನ್ನು ಸುಲ್ತಾನ ಮುಹಮ್ಮದ್ ಷಾನ ಮುಂದಿಟ್ಟರು. ಮುದ್ರೆ ತನ್ನದೇ, ಪತ್ರ ತನ್ನದಲ್ಲ ಎಂದು ಖ್ವಾಜಾ ಅವರು ಹೇಳಿದರೂ ವಿಚಾರಣೆ ನಡೆಯಲಿಲ್ಲ. 1481ರ ಏಪ್ರಿಲ್ 5ರಂದು, ಸುಮಾರು ಎಪ್ಪತ್ತರ ವಯಸ್ಸಿನಲ್ಲಿ ಅವರ ಶಿರಚ್ಛೇದವಾಯಿತು. ಅವರ ಖಜಾನೆ ಶೋಧಿಸಿದಾಗ ಸಿಕ್ಕಿದ್ದು ಅತ್ಯಲ್ಪ ಹಣ. ಸತ್ಯ ತಿಳಿದ ಸುಲ್ತಾನ ಪಶ್ಚಾತ್ತಾಪದಲ್ಲಿ ಬೆಂದು ಮರುವರ್ಷವೇ ತೀರಿಕೊಂಡ. ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯ ಐದು ಹೋಳಾಯಿತು.

ಮಿತ್ರರೇ, ಸುದ್ದಿ ಬಂದಾಗ ಪರಿಶೀಲಿಸಿ ಎಂದು ಕುರ್‌ಆನ್ ನಮಗೆ ಕಲಿಸಿದೆ. ಆ ಒಂದು ಮಾತನ್ನು ಮರೆತದ್ದಕ್ಕೆ ರಾಜ್ಯವೇ ಬೆಲೆ ತೆತ್ತಿತು. ಮದರಸಾದ ಒಂದು ಮಿನಾರು, ಮುಂಭಾಗದ ಒಂದಷ್ಟು ಭಾಗ 17ನೇ ಶತಮಾನದ ಕೊನೆಯಲ್ಲಿ ಸ್ಫೋಟದಿಂದ ಕುಸಿದವು. ಉಳಿದ ಮಿನಾರು ಇಂದಿಗೂ ನಿಂತಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಮಕ್ಕಳೇ, ಒಮ್ಮೆ ಹೋಗಿ ನೋಡಿ ಬನ್ನಿ. ವಿದ್ಯೆಗಾಗಿ ದೂರದೇಶಕ್ಕೆ ಹೋಗುವ ಕನಸು ಕಾಣಿರಿ. ಜೊತೆಗೆ, ದೂರದೇಶದವರು ವಿದ್ಯೆಗಾಗಿ ನಮ್ಮ ನೆಲಕ್ಕೆ ಬಂದಿದ್ದರೆಂಬುದನ್ನೂ ನೆನಪಿಡಿರಿ.